ಮೂವತ್ತು ಗಜ

ಏಪ್ರಿಲ್ ೨೯

ಇವತ್ತು ಎರಡು ಸಂಗತಿ. ಒಂದು, ಹಿಮ ತಳ್ಳುವ ಲಾರಿಯನ್ನು ತೊಳೆದು ಶೆಡ್ಡಿಗೆ ಸೇರಿಸಿದೆ. ಇನ್ನು ನವೆಂಬರ್‌ವರೆಗೆ ರಸ್ತೆ ಇಲಾಖೆಯವರು ನನ್ನನ್ನು ಕೇಳುವಂತಿಲ್ಲ, ನಾನು ಅವರನ್ನು ಕೇಳುವಂತಿಲ್ಲ. ಎರಡು, ನನಗೆ ಬೆಟ್ಟದ ಕಾಡು ಟಗರನ್ನು ಬೇಟೆಯಾಡುವ ಪರವಾನಗಿ ಬಂದಿದೆ.

ನಾನಾಗಿ ಬಯಸಿದ್ದಲ್ಲ. ಬಯಸಿದವಳು ಎರ್ಮಾ ಅಕ್ಕ. ಹತ್ತೊಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದಾಳೆ, ಹತ್ತೊಂಬತ್ತು ವರ್ಷದಿಂದ ಲಾಟರಿಯಲ್ಲಿ ಅವಳ ಹೆಸರು ಎದ್ದಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮುಂದೆಯೂ ಒಂದು ಅರ್ಜಿ ತಳ್ಳಿ, "ಸಹಿ ಹಾಕೇ ರಾಸ್ಲಿನ್, ಎರಡು ಹೆಸರಿದ್ರೆ ಒಂದಾದ್ರೂ ಏಳತ್ತೆ" ಎಂದಿದ್ದಳು. ಅಲ್ಲಿಂದ ವರ್ಷವರ್ಷವೂ ಓದದೆ ಸಹಿ ಹಾಕುತ್ತಾ ಬಂದೆ. ಎದ್ದದ್ದು ನನ್ನದು! ಬಿಲ್ಲಿನಲ್ಲಿ ಈವರೆಗೆ ನಾನು ಹೊಡೆದಿರುವುದು ಎರಡು ಟರ್ಕಿ ಕೋಳಿ, ಒಂದು ಜಿಂಕೆ ಮತ್ತು ಅಕ್ಕನ ಕಾರಿನ ಹಿಂದಿನ ಚಕ್ರ.

ಸುದ್ದಿ ಹೇಳಲು ಅವಳ ಕ್ಷೌರದಂಗಡಿಗೆ ಹೋದೆ. ಅಗ್ನಿಶಾಮಕ ದಳದ ಡೊಮಿನಿಕ್ ಕುರ್ಚಿಯಲ್ಲಿದ್ದ, ಅರ್ಧ ತಲೆ ಮುಗಿದಿತ್ತು. ಅಕ್ಕ ಕಾಗದ ಓದಿದಳು, ಮಡಚಿದಳು, ಬಿಚ್ಚಿ ಮತ್ತೆ ಓದಿದಳು.

"ನಿಂಗೆ ಬಂತಾ?"

"ಬಂತು."

"ನಿಂಗೆ?"

"ಎರ್ಮಾ, ಮೊದ್ಲು ಕತ್ತರಿ ಕೆಳಗಿಡು, ಆಮೇಲೆ ಹೊಟ್ಟೆ ಉರ್ಕೋ. ನನ್ನ ಕಿವಿ ಇಲ್ಲೇ ಇದೆ" ಎಂದ ಡೊಮಿನಿಕ್.

ಪರವಾನಗಿಯನ್ನು ಅವಳಿಗೇ ಕೊಟ್ಟುಬಿಡೋಣವೆಂದರೆ ಕಾನೂನು ಬಿಡುವುದಿಲ್ಲ. ಯಾರ ಹೆಸರಿಗೆ ಬಂದಿದೆಯೋ ಬಾಣ ಬಿಡುವವರು ಅವರೇ. ಅಕ್ಕನ ಅಂಗಡಿಯಲ್ಲಿ ಕನ್ನಡಿಯ ಮೇಲೆ ಒಂದು ದಪ್ಪ ಮೊಳೆ ಇದೆ. ಟಗರಿನ ತಲೆಗೆಂದು ಹತ್ತೊಂಬತ್ತು ವರ್ಷದ ಹಿಂದೆ ಹೊಡೆದದ್ದು. ಈಗ ಗಿರಾಕಿಗಳು ಅದಕ್ಕೆ ಟೋಪಿ ತಗಲಿಹಾಕುತ್ತಾರೆ. ಇವತ್ತು ಡೊಮಿನಿಕ್‌ನ ಟೋಪಿಯನ್ನು ತೆಗೆದು ಅವನ ತೊಡೆಯ ಮೇಲೆ ಎಸೆದಳು. ಅಂದರೆ ನನ್ನ ಜೊತೆ ಬೆಟ್ಟಕ್ಕೆ ಬರಲು ಒಪ್ಪಿಗೆ ಎಂದು ಅರ್ಥ.

ನನ್ನ ಲೆಕ್ಕ ಸುಲಭ. ಸೆಪ್ಟೆಂಬರ್ ಮೊದಲ ವಾರ ಹೋಗುವುದು, ಒಂದು ಟಗರು ಹೊಡೆಯುವುದು, ಸೇಬು ಕೊಯ್ಯುವ ಹೊತ್ತಿಗೆ ಮನೆಯಲ್ಲಿರುವುದು.

ಜೂನ್ ೧೧

ಅಕ್ಕ ನನ್ನ ಹಿತ್ತಲಿಗೆ ಹುಲ್ಲಿನ ಹೊರೆ ತಂದು ಹಾಕಿ, ಅದಕ್ಕೆ ಅಮ್ಮ ಸೇಬಿನ ಪೈ ಬೇಯಿಸುತ್ತಿದ್ದ ಹಳೆಯ ತಟ್ಟೆ ಕಟ್ಟಿದ್ದಾಳೆ. ಟಗರಿನ ಎದೆಗೂಡು ಅಷ್ಟೇ ಅಗಲವಂತೆ. ದಿನಾ ಬೆಳಿಗ್ಗೆ ಆರಕ್ಕೆ ಬಂದು ಕಿಟಕಿ ಬಡಿಯುತ್ತಾಳೆ. ನನಗೆ ಐವತ್ನಾಲ್ಕು, ಅವಳಿಗೆ ಅರವತ್ತೊಂದು. ಆದರೂ ಹೊದಿಕೆ ಎಳೆಯುವ ಹಕ್ಕು ಇನ್ನೂ ಅವಳದೇ.

ಇಪ್ಪತ್ತು ಗಜದಲ್ಲಿ ಹತ್ತಕ್ಕೆ ಹತ್ತು ಬಾಣ ತಟ್ಟೆಗೆ ಬಿದ್ದವು. ಮೂವತ್ತರಲ್ಲೂ ಹತ್ತು. ನಲವತ್ತರಲ್ಲಿ ಆರು. ಉಳಿದ ನಾಲ್ಕರಲ್ಲಿ ಒಂದು ಪಕ್ಕದ ಮನೆಯ ಟೊಮೆಟೊ ಪಾತಿಗೆ ಹೋಯಿತು.

"ನಲವತ್ತೂ ಪರವಾಗಿಲ್ಲ ಅಲ್ವಾ ಅಕ್ಕ? ಅರ್ಧಕ್ಕಿಂತ ಜಾಸ್ತಿ ಬಿತ್ತು."

"ಇನ್ನರ್ಧ ಎಲ್ಲಿ ಬಿತ್ತು? ಹೊಟ್ಟೆಗೆ ಬಿದ್ರೆ ಅದು ಮೂರು ದಿನ ಬಂಡೆ ಸಂದೀಲಿ ನರಳಿ ಸಾಯತ್ತೆ. ನೀನು ಇಲ್ಲಿ ಸೂಪ್ ಕುಡೀತಾ ಕೂತಿರ್ತೀಯ. ಕೇಳು ರಾಸ್, ಹತ್ತಕ್ಕೆ ಹತ್ತೂ ತಟ್ಟೇಲಿ ಬೀಳೋ ದೂರ ನಿನ್ನ ದೂರ. ಅದರಾಚೆಗಿರೋದು ಟಗರಿನ ದೂರ."

ಹೇಳಿದ್ದಷ್ಟೇ ಅಲ್ಲ, ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ನನ್ನ ಬಿಲ್ಲಿನ ಮೇಲೆ ೩೦ ಎಂದು ಬರೆದಳು. ಮದುವೆಯ ದಿನವೂ ಉಗುರಿಗೆ ಬಣ್ಣ ಹಚ್ಚದವಳು ಇದಕ್ಕೆಂದೇ ಶೀಶೆ ಕೊಂಡಿದ್ದಾಳೆ.

ಸೆಪ್ಟೆಂಬರ್ ೩

ಕೆಟಲ್ ಹಳ್ಳದ ಮೇಲ್ಭಾಗದಲ್ಲಿ ಡೇರೆ. ಅಕ್ಕ ಗೊರಕೆ ಹೊಡೆಯುತ್ತಾಳೆ. ಮೊಣಕಾಲು ನೋವು. ಟಗರು ಇಲ್ಲ. ಅಮ್ಮ ಮಾಡುತ್ತಿದ್ದ ಹಾಗೆಯೇ ಅಕ್ರೋಟು ಸುತ್ತಿದ ಪೊಟೀತ್ಸಾ ರೊಟ್ಟಿ ಮಾಡಿ ತಂದಿದ್ದೆ. ಅರ್ಧವನ್ನು ಅಳಿಲು ಹೊತ್ತೊಯ್ದಿತು. ಇಲ್ಲಿಯವರೆಗೆ ಈ ಬೇಟೆಯಲ್ಲಿ ಗೆದ್ದಿರುವುದು ಅಳಿಲೊಂದೇ.

ಸೆಪ್ಟೆಂಬರ್ ೪

ಇಲ್ಲ.

ಸೆಪ್ಟೆಂಬರ್ ೫

ಇಲ್ಲ. ಸೇಬು ನೆನಪಾಗುತ್ತಿದೆ.

ಸೆಪ್ಟೆಂಬರ್ ೯

ಸಿಕ್ಕಿದ! ಅಂದರೆ ಕಣ್ಣಿಗೆ ಸಿಕ್ಕಿದ.

ಬೆಳಿಗ್ಗೆ ದುರ್ಬೀನಿನಲ್ಲಿ ಅಕ್ಕನೇ ಮೊದಲು ಕಂಡದ್ದು. ಬೋಳು ಬಂಡೆಯ ಕೆಳಗೆ ಐದು ಗಂಡು. ಅದರಲ್ಲೊಂದು ಎಲ್ಲರಿಗಿಂತ ದೊಡ್ಡದು, ಕೊಂಬು ಪೂರ್ತಿ ಒಂದು ಸುತ್ತು ಬಂದಿದೆ, ಎಡಕೊಂಬಿನ ತುದಿ ಮುಕ್ಕಾಗಿದೆ. ನಡೆಯುವಾಗ ಒಂದೊಂದು ಹೆಜ್ಜೆಗೂ ನಿಂತು ಜನ ಬಂದಿದ್ದಾರೋ ಇಲ್ಲವೋ ಎಂದು ನೋಡುವ ನಮ್ಮ ಪಾದ್ರಿಯದೇ ನಡಿಗೆ. ಆ ಹೆಸರೇ ಅಂಟಿತು.

ಗಾಳಿ ನೋಡಲು ನಾನು ಸಾಸಿವೆ ಸಾಸಿನ ಖಾಲಿ ಪ್ಲಾಸ್ಟಿಕ್ ಶೀಶೆಯಲ್ಲಿ ಮೈದಾ ತುಂಬಿಕೊಂಡು ಬಂದಿದ್ದೇನೆ. ಒಂದು ಸಲ ಅಮುಕಿದರೆ ಪುಡಿ ಹಾರುವ ದಿಕ್ಕು ಗೊತ್ತಾಗುತ್ತದೆ. ಗಾಳಿ ಕೆಳಗಿಂದ ಮೇಲಕ್ಕಿತ್ತು. ಸುತ್ತು ಹಾಕಿ ಮೇಲಿನಿಂದ ಇಳಿದೆ, ಕೊನೆಯ ನೂರು ಗಜ ಬೂಟು ಬಿಚ್ಚಿ ಕಾಲುಚೀಲದಲ್ಲಿ. ಬಂಡೆಯ ಅಂಚಿಗೆ ಬಂದು ಇಣುಕಿದರೆ ಪಾದ್ರಿ ಇಪ್ಪತ್ತೆಂಟು ಗಜದಲ್ಲಿ ಮಲಗಿದ್ದಾನೆ, ಬೆನ್ನು ನನ್ನ ಕಡೆಗೆ.

ಮಲಗಿದ್ದಕ್ಕೆ ಹೊಡೆಯಬಾರದು. ಎದೆಗೂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಸರಿಯಾಗಿ ಕಾಣುವುದಿಲ್ಲ, ಮೂಳೆ ಅಡ್ಡ ಬರುತ್ತದೆ. ಏಳಲಿ ಎಂದು ಕಾದೆ. ಮೂರೂಕಾಲು ಗಂಟೆ. ಅವನು ಮೆಲುಕು ಹಾಕಿದ. ಆಕಳಿಸಿದ. ನನಗೂ ಆಕಳಿಕೆ ಬಂತು. ಎಡಗಾಲು ಪೂರ್ತಿ ಜೋಮು ಹಿಡಿಯಿತು. ಅಷ್ಟರಲ್ಲಿ ಗಾಳಿ ತಿರುಗಿ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ನನ್ನ ವಾಸನೆ ನೇರ ಅವನ ಮೂಗಿಗೆ. ಪಾದ್ರಿ ಎದ್ದದ್ದೂ ಹೊರಟದ್ದೂ ಒಟ್ಟಿಗೇ. ಐದೂ ಕ್ಷಣದಲ್ಲಿ ಮಾಯ.

ಡೇರೆಗೆ ಕುಂಟುತ್ತಾ ಬಂದೆ. ಬೈಯುತ್ತಾಳೆಂದುಕೊಂಡಿದ್ದೆ.

"ಇಪ್ಪತ್ತೆಂಟರಲ್ಲಿದ್ರೂ ಬಾಣ ಬಿಡ್ಲಿಲ್ವಾ?"

"ಮಲಗಿದ್ದ."

ಅಕ್ಕ ನನ್ನ ಬಟ್ಟಲಿಗೆ ತನ್ನ ಪಾಲಿನ ಬೇಕನ್ ಹಾಕಿದಳು. ಅವಳು ಬೇಕನ್ ಬಿಟ್ಟುಕೊಟ್ಟದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಸೆಪ್ಟೆಂಬರ್ ೧೫

ಸ್ನಾನಕ್ಕೆಂದು ಊರಿಗೆ ಇಳಿದೆವು. ಡೊಮಿನಿಕ್ ಆಗಲೇ ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಕಾಗದ ಅಂಟಿಸಿದ್ದಾನೆ: ಟಗರಿನ ಊಟ, ಅಕ್ಟೋಬರ್ ೧೯. ನಮ್ಮ ಸಿಲ್ವರ್ ಫೋರ್ಡ್ ಊರಿನಲ್ಲಿ ಯಾರ ಹೆಸರು ಏಳುತ್ತದೋ ಅವರು ಊರಿಗೆ ಊಟ ಹಾಕಬೇಕು, ಟಗರು ಸಿಗಲಿ ಸಿಗದಿರಲಿ. ಊಟದ ನಡುವೆ ಬೇಟೆಗಾರರ ಬಾಣ ಕೈಯಿಂದ ಕೈಗೆ ಸುತ್ತು ಹೋಗುತ್ತದೆ. ಹಿಡಿದವರೆಲ್ಲ ಏನಾದರೊಂದು ಮಾತು ಹೇಳಬೇಕು. ಬಹುತೇಕ ಕುಚೋದ್ಯವೇ. ಹಿಂದೊಮ್ಮೆ ಬರಿಗೈಲಿ ಬಂದವನೊಬ್ಬನಿಗೆ ಆ ಸುತ್ತು ಮುಗಿಯುವಷ್ಟರಲ್ಲಿ ಮುಖ ಬೀಟ್‌ರೂಟಿನಷ್ಟು ಕೆಂಪಾಗಿತ್ತು.

"ಏನಮ್ಮಾ ರಾಸ್ಲಿನ್, ಮಾಂಸ ನಿಂದಾ, ನಾನು ಅಂಗಡಿಯಿಂದ ಕೋಳಿ ತರಲಾ?" ಎಂದು ಕೇಳಿದ.

"ನಿನ್ನ ಹಲ್ಲಿಗೆ ಟಗರು ಆಗಲ್ಲ ಬಿಡು, ಕೋಳೀನೇ ತಾ."

ಬಾಯಿಗೆ ಬಂದದ್ದು ಹೇಳಿದೆ. ಮನೆಗೆ ಬಂದ ಮೇಲೆ ಕ್ಯಾಲೆಂಡರ್ ತೆಗೆದು ಎಣಿಸಿದೆ. ಇನ್ನೊಂದು ಸಲ ನನ್ನ ಹೆಸರು ಏಳುವಷ್ಟರಲ್ಲಿ ನನ್ನನ್ನು ಬೆಟ್ಟಕ್ಕೆ ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಪರವಾನಗಿ ಮುಗಿಯಲು ಹದಿನೈದು ದಿನ ಉಳಿದಿದೆ. ಸೇಬು ಉದುರುತ್ತಿದೆ, ಉದುರಲಿ.

ಸೆಪ್ಟೆಂಬರ್ ೨೨

ಇಪ್ಪತ್ತೈದು ಗಜ. ಎದ್ದು ನಿಂತಿದ್ದ, ಪಕ್ಕೆ ನನ್ನ ಕಡೆಗೆ, ತಲೆ ಹುಲ್ಲಿನಲ್ಲಿ. ಪುಸ್ತಕದಲ್ಲಿ ಬರೆದ ಹಾಗೆ. ಹೆದೆ ಎಳೆದೆ. ಉಸಿರು ಬಿಟ್ಟೆ. ಆಗ ಪಾದ್ರಿಯ ಎದೆಯ ಹಿಂದೆ ಇನ್ನೆರಡು ಕಾಲು ಕಂಡವು. ಎಳೆಯದೊಂದು ಅವನಿಗೆ ಒತ್ತಿಕೊಂಡು ನಿಂತಿದೆ. ಬಾಣ ಇವನನ್ನು ದಾಟಿ ಅದಕ್ಕೂ ಹೋಗುತ್ತದೆ. ಹೆದೆ ಹಿಡಿದೇ ನಿಂತೆ, ಆಮೇಲೆ ಹೆಗಲು ನಡುಗಿತು, ಇಳಿಸಿದೆ. ಎಳೆಯದು ಸರಿದದ್ದೂ ಪಾದ್ರಿ ಹೊರಟದ್ದೂ ಒಂದೇ ಕ್ಷಣ.

ಅಕ್ಕ ದೂರದಿಂದ ದುರ್ಬೀನಿನಲ್ಲಿ ಎಲ್ಲ ನೋಡಿದ್ದಳು. "ಸರಿ ಮಾಡ್ದೆ" ಎಂದಳು. ಆಮೇಲೆ ಬೂಟಿನಿಂದ ಒಂದು ಪೈನ್ ಕಾಯಿಯನ್ನು ಹಳ್ಳದವರೆಗೂ ಒದ್ದಳು.

ಸಂಜೆ ಇಬ್ಬರೂ ಬಂಡೆಯ ಮೇಲೆ ಕುಳಿತು ಅವು ಮೇಯುವುದನ್ನು ನೋಡಿದೆವು. ಅವಕ್ಕೆ ಹುಲ್ಲಿಗಿಂತ ಆ ನೀಲಿ ಹೂವಿನ ಗಿಡವೇ ಇಷ್ಟ. ಪಾದ್ರಿ ಎಳೆಯದಕ್ಕೆ ಗುಮ್ಮುವಾಗ ಮುಕ್ಕಾದ ಕೊಂಬನ್ನೇ ಬಳಸುತ್ತಾನೆ, ಒಳ್ಳೆಯದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಒಂದು ಗಂಟೆ ನೋಡಿರಬೇಕು. ಬಿಲ್ಲು ಡೇರೆಯಲ್ಲೇ ಬಿಟ್ಟು ಬಂದಿದ್ದೆ ಎಂದು ಆಮೇಲೆ ನೆನಪಾಯಿತು.

ಸೆಪ್ಟೆಂಬರ್ ೩೦

ಕೊನೆಯ ದಿನ. ನಿಧಾನವಾಗಿ, ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆಯಿಂದ ಗಾಳಿ ಹುಚ್ಚು ಹಿಡಿದ ಹಾಗೆ ಬೀಸುತ್ತಿತ್ತು. ಮಧ್ಯಾಹ್ನದವರೆಗೂ ಏನೂ ಕಾಣಲಿಲ್ಲ. ನಾಲ್ಕು ಗಂಟೆಗೆ, ಡೇರೆ ಬಿಚ್ಚಲು ಹೊರಟವರು ಮೂಲೆ ತಿರುಗಿದರೆ ಪಾದ್ರಿ ಒಬ್ಬನೇ ಎದುರಿಗಿನ ಇಳಿಜಾರಿನ ಮೇಲೆ. ಪಕ್ಕೆ ನಮ್ಮ ಕಡೆಗೆ. ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದಾನೆ.

ನಾನು ಬಾಣ ಹೂಡಿದೆ. ಅಕ್ಕ ನನ್ನ ಹಿಂದೆಯೇ ಮಂಡಿಯೂರಿ ದೂರ ಅಳೆಯುವ ಯಂತ್ರ ಕಣ್ಣಿಗೆ ಹಿಡಿದಳು.

"ನಲವತ್ನಾಲ್ಕು" ಎಂದಳು. ಆಮೇಲೆ, "ಬಾಣ ಬಿಡು."

ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ.

"ಬಿಡೇ ರಾಸ್. ಇವತ್ತಿಗೆ ಮುಗೀತು. ಇನ್ಯಾವತ್ತೂ ಇಲ್ಲ. ಬಿಡು ಅಂದ್ನಲ್ಲ!"

ಅವಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಹೆದೆ ಎಳೆದೆ. ಗುರಿಯ ಚುಕ್ಕೆ ಅವನ ಭುಜದ ಹಿಂದೆ ಹೋಗಿ ಕೂತಿತು, ಗಾಳಿಗೆ ಹೊಟ್ಟೆಗೆ ಜಾರಿತು, ಮತ್ತೆ ಭುಜಕ್ಕೆ ಬಂತು. ಅವನ ಕಾಲುಗಳೆಲ್ಲ ಬಿಗಿದುಕೊಂಡಿದ್ದವು. ಹೆದೆಯ ಸದ್ದು ಕೇಳಿದರೆ ಸಾಕು, ಬಾಣ ಮುಟ್ಟುವ ಮೊದಲೇ ಅರ್ಧ ಗಜ ಸರಿದಿರುತ್ತಾನೆ. ನನಗೆ ಆ ಟಗರು ಬೇಕಿತ್ತು. ಅಕ್ಕನಿಗೆ ಬೇಕಿದ್ದಷ್ಟೇ ನನಗೂ ಬೇಕಿತ್ತು, ಸುಳ್ಳೇಕೆ ಹೇಳಲಿ. ಬಿಲ್ಲಿನ ಮೇಲೆ ಅವಳದೇ ಕೈಬರಹದ ಕೆಂಪು ೩೦ ನನ್ನ ಮೂಗಿನ ಮುಂದೆಯೇ ಇತ್ತು.

ಇಳಿಸಿದೆ.

ಪಾದ್ರಿ ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಮಾಮೂಲಿ ನಡಿಗೆಯಲ್ಲಿ, ಒಂದು ಹೆಜ್ಜೆ, ಒಂದು ನಿಲುಗಡೆ, ಗುಡ್ಡ ದಾಟಿದ.

ಅಕ್ಕ ಡೇರೆಯ ಗೂಟಗಳನ್ನು ಕಿತ್ತ ರೀತಿ ನೋಡಿದರೆ ಅವು ಅವಳಿಗೆ ಏನೋ ದ್ರೋಹ ಮಾಡಿದಂತಿತ್ತು. ಎರಡು ಗಂಟೆಯ ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದಳು. ನನ್ನ ಮನೆ ಬಂದಾಗ, "ಚೀಲ ಮರೀಬೇಡ" ಎಂದಳು.

ಅಕ್ಟೋಬರ್ ೩

ಅಕ್ಕ ಬರಲಿಲ್ಲ.

ಅಕ್ಟೋಬರ್ ೫

ಅಕ್ಕ ಬರಲಿಲ್ಲ. ಆರಕ್ಕೆ ತಾನಾಗಿ ಎಚ್ಚರವಾಗಿ ಕಿಟಕಿ ನೋಡುತ್ತಾ ಮಲಗಿದ್ದೆ.

ಹಿತ್ತಲಿಗೆ ಹೋಗಿ ನಲವತ್ನಾಲ್ಕು ಗಜ ಅಳೆದೆ. ಗಾಳಿ ಇಲ್ಲ, ಹೊಟ್ಟೆ ತುಂಬಿದೆ, ಯಾರೂ ನನ್ನನ್ನು ದುರುಗುಟ್ಟಿ ನೋಡುತ್ತಿಲ್ಲ. ಹತ್ತು ಬಾಣ ಬಿಟ್ಟೆ. ಏಳು ತಟ್ಟೆಗೆ ಬಿದ್ದವು.

ಏಳು! ಒಂದೋ ಎರಡೋ ಬಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಏಳು ಅಂದರೆ ಬಿಟ್ಟಿದ್ದರೆ ಬಹುಶಃ ಬೀಳುತ್ತಿತ್ತು. ಅಕ್ಕನ ಮೊಳೆಗೆ ತಲೆ, ಊರಿಗೆ ಊಟ, ನನಗೆ ಬೇಕನ್. ಸೂಪ್ ಕುಡಿಯುವಾಗಲೂ ಏಳು, ಮಲಗುವಾಗಲೂ ಏಳು. ಹೊರಗೆ ಬಿದ್ದ ಮೂರನ್ನು ತೆಗೆಯಲು ಹೋದಾಗ ಅದರಲ್ಲೊಂದು ತಟ್ಟೆಯಿಂದ ಗೇಣು ಆಚೆ ಹುಲ್ಲಿನೊಳಗೆ ಹೊಕ್ಕಿತ್ತು, ಸರಿಯಾಗಿ ಹೊಟ್ಟೆ ಇರುವ ಜಾಗದಲ್ಲಿ. ಅದನ್ನು ಕೀಳುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಉದುರಿದ ಸೇಬು ಆರಿಸಿ ಹನ್ನೆರಡು ಪೈ ಮಾಡಿದೆ. ಯಾರಿಗೆ ಅಂತ ಕೇಳಬಾರದು.

ಅಕ್ಟೋಬರ್ ೧೪

ಡೊಮಿನಿಕ್ ಬಂದು ಒಂದು ಪೈ ತಿಂದು ಎರಡನ್ನು ಹೊತ್ತುಕೊಂಡು ಹೋದ. ಹೋಗುವಾಗ, "ಎರ್ಮಾ ಈ ವಾರ ಮೂರು ಜನಕ್ಕೆ ಬೋಳು ಹೊಡೆದಿದ್ದಾಳೆ. ಮೂರೂ ಜನ ಸುಮ್ನೆ ಸ್ವಲ್ಪ ಕತ್ತರಿಸು ಅಂದಿದ್ರು. ಅದೇನು ಜಗಳವೋ ಬೇಗ ಮುಗಿಸ್ರಪ್ಪ, ಚಳಿಗಾಲ ಬರ್ತಿದೆ" ಎಂದ.

ನಗು ಬಂತು. ಸೆಪ್ಟೆಂಬರ್ ಕಳೆದ ಮೇಲೆ ಇದೇ ಮೊದಲು.

ಅಕ್ಟೋಬರ್ ೧೯

ಅರವತ್ತೆರಡು ಜನ. ಊಟಕ್ಕೆ ಕೋಳಿ, ಹಸಿರು ಮೆಣಸಿನಕಾಯಿ ಸಾರು, ನನ್ನ ಆರು ಪೊಟೀತ್ಸಾ, ಉಳಿದ ಪೈ. ಅಕ್ಕ ಬಂದು ನನ್ನ ಎದುರಿಗೆ ಕುಳಿತಳು. ಪಕ್ಕಕ್ಕಲ್ಲ, ಎದುರಿಗೆ. ಕೋಳಿಯನ್ನು ಸಣ್ಣಸಣ್ಣದಾಗಿ ಹರಿದಳು, ತಿನ್ನಲಿಲ್ಲ.

ಡೊಮಿನಿಕ್ ಲೋಟ ಬಡಿದ. ನಾನು ನನ್ನ ಬಾಣ ಕೊಟ್ಟೆ. ಅಲಗು ಹೊಚ್ಚಹೊಸತು, ಗರಿ ನೆಟ್ಟಗಿದೆ.

"ಓಹೋ, ಎಷ್ಟು ಶುಭ್ರವಾಗಿದೆ! ಇದನ್ನ ಅಂಗಡಿಗೆ ವಾಪಸ್ ಕೊಡಬಹುದು" ಎಂದು ಅವನೇ ಶುರುಮಾಡಿದ. ಮುಂದಿನವನು, "ಟಗರಿಗೆ ಕ್ಷೌರ ಮಾಡಿಸ್ತೀವಿ ಅಂತ ಅಕ್ಕ ತಂಗಿ ಕರೆದಿರಬೇಕು, ಅದಕ್ಕೇ ಓಡಿಹೋಗಿದೆ" ಎಂದ. ಅದಕ್ಕೆ ನಾನೂ ನಕ್ಕೆ. ಒಬ್ಬ ಮುದುಕ ಬಾಣದಿಂದ ಬೆನ್ನು ಕೆರೆದುಕೊಂಡ. ನನ್ನ ಮುಖ ಬೀಟ್‌ರೂಟಿನತ್ತ ಸಾಗಿತ್ತು. ಬಾಣ ಸುತ್ತಿ ಸುತ್ತಿ ಅಕ್ಕನ ಕೈಗೆ ಬಂತು.

ಅವಳು ಎದ್ದು ನಿಂತಳು. ಈ ಸುತ್ತಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

"ಕೊನೇ ದಿನ ಟಗರು ನಲವತ್ನಾಲ್ಕು ಗಜದಲ್ಲಿತ್ತು. ಗಾಳಿ ಇತ್ತು. ಅದು ನಮ್ಮನ್ನ ನೋಡಿತ್ತು. ಮೂವತ್ತರಾಚೆ ಬಾಣ ಬಿಡಬಾರದು ಅಂತ ಇವಳಿಗೆ ಹೇಳಿಕೊಟ್ಟವಳು ನಾನು. ಬಿಡು ಅಂತ ಇವಳ ಕಿವೀಲಿ ಹೇಳಿದವಳೂ ನಾನೇ. ಒಂದ್ಸಲ ಅಲ್ಲ, ಮೂರು ಸಲ."

ಯಾರೋ ನಗಲು ಹೊರಟವರು ನಿಲ್ಲಿಸಿದರು.

"ಇವಳು ಬಿಡಲಿಲ್ಲ. ಹತ್ತೊಂಬತ್ತು ದಿನದಿಂದ ಇವಳ ಮುಖ ನೋಡಕ್ಕೆ ನಂಗೆ ನಾಚಿಕೆ. ಸಿಟ್ಟು ಅಂದ್ಕೊಂಡಿರ್ತಾಳೆ, ಪೆದ್ದಿ." ಬಾಣ ನೋಡಿದಳು. "ಇದು ಹೀಗೆ ಶುಭ್ರವಾಗಿರೋದು ಇವಳ ದೆಸೆಯಿಂದ. ನಾನಾಗಿದ್ರೆ ಇರ್ತಿರಲಿಲ್ಲ. ಅಷ್ಟೇ. ಊಟ ಮಾಡಿ."

ಕುಳಿತು ತಣ್ಣಗಾದ ಕೋಳಿಯನ್ನು ಗಬಗಬನೆ ತಿಂದಳು. ನನಗೆ ಕಣ್ಣೀರು ಬಂತು. ಮೆಣಸಿನಕಾಯಿ ಖಾರ ಎಂದು ಹೇಳಿದೆ. ಡೊಮಿನಿಕ್ ಕೂಡ ಖಾರ ಎಂದು ಹೇಳಿ ಮೂಗು ಒರೆಸಿಕೊಂಡ. ಅಕ್ಕ ಮೇಜಿನ ಮೇಲಿಂದ ಕೈ ಚಾಚಿ ನನ್ನ ತಟ್ಟೆಯ ಪೈಯನ್ನು ಕೇಳದೆ ತೆಗೆದುಕೊಂಡಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಡಿಸಿದ್ದನ್ನೆಲ್ಲ ಕೊಟ್ಟುಬಿಡಬಹುದಿತ್ತು.

ಹಿತ್ತಲಲ್ಲಿ ಏಳು ಬಿದ್ದದ್ದನ್ನು ಹೊರಗೆ ಬಂದಾಗ ಅವಳಿಗೆ ಹೇಳಿದೆ.

"ಮಿಕ್ಕ ಮೂರು?" ಎಂದಳು.

"ಒಂದು ಹೊಟ್ಟೆಗೆ."

"ಹ್ಞೂಂ" ಎಂದು ನನ್ನ ಕೋಟಿನ ಮೇಲಿನ ಗುಂಡಿ ಹಾಕಿದಳು.

ಅಕ್ಟೋಬರ್ ೨೦

ಆರು ಗಂಟೆಗೆ ಕಿಟಕಿ ಬಡಿದಳು. ಪರವಾನಗಿ ಮುಗಿದಿದೆ ಎಂದೆ. ಮುಗಿದರೆ ತೋಳೂ ಮುಗಿಯಿತಾ ಎಂದಳು. ನಲವತ್ತು ಗಜದಲ್ಲಿ ನಾನು ಎಂಟು, ಅವಳು ಒಂಬತ್ತು. ಕೈ ಮರಗಟ್ಟುವವರೆಗೆ ಬಾಣ ಬಿಟ್ಟೆವು.

ಡಿಸೆಂಬರ್ ೬

ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ಲಾರಿ ತೆಗೆದುಕೊಂಡು ಕಣಿವೆ ರಸ್ತೆಯಲ್ಲಿ ಹಿಮ ತಳ್ಳುತ್ತಾ, ಉಪ್ಪು ಚೆಲ್ಲುತ್ತಾ ಸೇತುವೆಯವರೆಗೂ ಹೋದೆ. ಅಲ್ಲಿ ತಿರುಗಿಸಿಕೊಂಡು ಬರುವಾಗ ರಸ್ತೆಯ ನಡುವೆ ಎಂಟು ಕುರಿ, ಮೂರು ಟಗರು. ಚಳಿಗಾಲದಲ್ಲಿ ಇಳಿದುಬರುತ್ತವೆ, ಉಪ್ಪು ನೆಕ್ಕಲು. ಪ್ರತಿ ವರ್ಷವೂ ಬರುತ್ತವೆ. ಪ್ರತಿ ವರ್ಷವೂ ಹಾರನ್ ಹೊಡೆದು ಬೈದು ಓಡಿಸುತ್ತಿದ್ದೆ. ಇವತ್ತು ಎಂಜಿನ್ ಆರಿಸಿ ದೀಪ ಹಾಕಿ ನಿಲ್ಲಿಸಿದೆ.

ಎಲ್ಲಕ್ಕಿಂತ ಮುಂದೆ, ನನ್ನ ಲಾರಿಯ ಮೂತಿಯ ಎದುರಿಗೇ, ಎಡಕೊಂಬು ಮುಕ್ಕಾದವನು. ಹತ್ತು ನಿಮಿಷದ ಹಿಂದೆ ನಾನೇ ಚೆಲ್ಲಿದ ಉಪ್ಪನ್ನು ನೆಕ್ಕುತ್ತಾ ನಿಂತಿದ್ದಾನೆ.

ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿಯ ಅಂಗಿಯ ಮೇಲೆ ಕೋಟು, ಕಾಲಿಗೆ ಬೂಟು ಹಾಕಿಕೊಂಡು ಬಂದಳು. ಕಾರನ್ನು ದೂರ ನಿಲ್ಲಿಸಿ ಮೆಲ್ಲಗೆ ನನ್ನ ಪಕ್ಕ ಹತ್ತಿ ಕುಳಿತಳು. ಕಿಟಕಿಗೆ ಕಟ್ಟಿದ್ದ ಉಸಿರಿನ ಮಂಜನ್ನು ತೋಳಿನಿಂದ ಒರೆಸಿದಳು.

"ಎಷ್ಟು ಗಜ?"

"ಏಳು ಇರಬಹುದು."

"ಏಳು" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, ಸೀಟು ಅಲುಗುವಷ್ಟು ನಕ್ಕೆವು.

ಪಾದ್ರಿ ತಲೆ ಎತ್ತಿ ನೋಡಿದ. ಮೂತಿಯ ತುಂಬ ಹಿಮ. ನಮ್ಮಿಂದ ಹೆದರುವಂಥದ್ದೇನೂ ಇಲ್ಲ ಎಂದು ಗೊತ್ತಾಗಿ, ಸಾವಕಾಶವಾಗಿ ರಸ್ತೆ ದಾಟಿ ದಿಬ್ಬ ಹತ್ತಿದ. ಅಕ್ಕ ಮುಂದಕ್ಕೆ ಬಾಗಿ ಅವನ ಕಾಲುಗಳನ್ನೇ ನೋಡುತ್ತಿದ್ದಳು. ಮುಂದಿನ ಎರಡು, ಹಿಂದಿನ ಎರಡು. ನಾನೂ ಅದನ್ನೇ ನೋಡುತ್ತಿದ್ದೆ. ಒಂದು ಹೆಜ್ಜೆ, ಒಂದು ನಿಲುಗಡೆ, ಒಂದು ಹೆಜ್ಜೆ.

"ಕುಂಟ್ತಾ ಇಲ್ಲ" ಎಂದಳು ಅಕ್ಕ.

"ಇಲ್ಲ."

ಅವನು ಮರೆಯಾದ. ಆಮೇಲೆ ಅಕ್ಕ, ಬಾಣ ಈಗ ಅಂಗಡಿಯ ಮೊಳೆಯಲ್ಲಿದೆ, ಬಂದು ನೋಡು ಎಂದಳು. ಡೊಮಿನಿಕ್ ಅದಕ್ಕೂ ಟೋಪಿ ತಗಲಿಹಾಕುತ್ತಾನಂತೆ. ಏಪ್ರಿಲ್‌ಗೆ ಎರಡು ಅರ್ಜಿ ತರುತ್ತೇನೆ, ಈ ಸಲ ಓದಿ ಸಹಿ ಹಾಕು ಎಂದಳು. ಹೂಂ ಎಂದೆ.

ಹಿಮ ತಳ್ಳಿದ ರಸ್ತೆಗೆ ಉಪ್ಪು ಸಾಲದಾಗಿತ್ತು, ಇದ್ದದ್ದನ್ನೆಲ್ಲ ಅವು ನೆಕ್ಕಿಬಿಟ್ಟಿದ್ದವು. ಹೋಗುವಾಗ ಇನ್ನೊಂದು ಸುತ್ತು ಚೆಲ್ಲಿದೆ. ದಿಬ್ಬದ ಹತ್ತಿರ ಕೈ ಸ್ವಲ್ಪ ಧಾರಾಳವಾಯಿತು.